ಮಕ್ಕಳ ಸಾಲಿಗೆ ಶಾಂತಿಯನ್ನಿತ್ತ ಮಾರಿಯಾ ಮಾಂಟೆಸ್ಸೋರಿ ಬಾಯಿಯವರು

ಗಂಟೆಯಾದೊಡನೆ ಚಿಕ್ಕ ಮಕ್ಕಳು ವರ್ಗದ ಬಾಗಿಲಿಗೆ ಧಾವಿಸುವದೂ, ಒಬ್ಬರನ್ನೊಬ್ಬರು ನೂಕುವದೂ, ಹಿಂದೆ ಬಿದ್ದ ಕೂಸು ಅಳುವದೂ, ಶಿಕ್ಷಕಿಯು ದನಿಯೇರಿಸುವದೂ ಯಾವ ಊರ ಶಾಲೆಗೂ ಹೊಸತಲ್ಲ. ಹೈಸ್ಕೂಲಿನ ದೊಡ್ಡ ಹುಡುಗಿಯರು ಒಂದು ಮಾತಿಗೆ ಸಾಲಾಗಿ ನಿಲ್ಲುವರು. ಐದಾರು ವರುಷದ ಕೂಸುಗಳನ್ನು ಗದ್ದಲವಿಲ್ಲದೆ, ಕಣ್ಣೀರಿಲ್ಲದೆ ಸಾಲಿಗೆ ತರುವದೇ ಶಿಕ್ಷಕಿಯ ನಿಜವಾದ ಪರೀಕ್ಷೆ. ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಮಾತಿನಲ್ಲಿ ಶಾಲೆಗೆ ಸಾಲಿ ಎನ್ನುವದುಂಟು. ಸಾಲಿಗೆ ಬಂದ ಕೂಸು ಅಕ್ಷರಕ್ಕಿಂತ ಮೊದಲು ಕಲಿಯುವದು ಸಾಲನ್ನೇ. ಆ ಸಾಲು ಅಂಜಿಕೆಯಿಂದ ನಿಂತದ್ದೋ, ತಿಳಿವಳಿಕೆಯಿಂದ ನಿಂತದ್ದೋ ಎಂಬ ಪ್ರಶ್ನೆಯು ನೋಡಲಿಕ್ಕೆ ಚಿಕ್ಕದಾದರೂ ಶಿಕ್ಷಣದ ಬೇರನ್ನೇ ಮುಟ್ಟುವಂಥದಾಗಿದೆ. ಈ ಪ್ರಶ್ನೆಯ ಉತ್ತರವನ್ನು ಹುಡುಕುವದರಲ್ಲಿ ತಮ್ಮ ಆಯುಷ್ಯವನ್ನೇ ಸವೆಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ವಿದ್ಯಾರ್ಥಿನಿಯರ ಮುಂದೆಯೂ ಅವರ ಪಾಲಕರ ಮುಂದೆಯೂ ಇಡಲು ಅಪೇಕ್ಷಿಸುತ್ತೇವೆ.

ಅದಕ್ಕೂ ಮೊದಲು ನಮ್ಮ ನಾಡಿನ ಹಳೆಯ ಪದ್ಧತಿಯನ್ನು ಸ್ವಲ್ಪ ನೆನೆಯುವದು ಯೋಗ್ಯವು. 1822ರಲ್ಲಿ ಮದ್ರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ತಮ್ಮ ಆಡಳಿತಕ್ಕೊಳಪಟ್ಟ ಜಿಲ್ಲೆಗಳ ಶಾಲೆಗಳ ಲೆಕ್ಕವನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು 1823ರಲ್ಲಿ ಕಳಿಸಿದ ವರದಿಯ ಮೇರೆಗೆ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಕಲಿಯುವವರು 6,641 ಜನ. ಅವರಲ್ಲಿ ಹುಡುಗಿಯರು 60 ಮಾತ್ರ. ಬೆಳಿಗ್ಗೆ ಆರು ಗಂಟೆಗೆ ಶಾಲೆಯು ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಛಡಿಯಿಂದ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದಂತೆಲ್ಲ ಏಟುಗಳು ಒಂದೊಂದಾಗಿ ಏರುತ್ತಿದ್ದವು. ಕಡಿಮೆ ವೆಚ್ಚದಲ್ಲಿ ಬರೆಹ ಕಲಿಸುವ ಜಾಣತನವನ್ನೂ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮವನ್ನೂ ಕ್ಯಾಂಪ್‌ಬೆಲ್ ಅವರು ಮನಸಾರೆ ಮೆಚ್ಚಿದ್ದರು. ಆದರೆ ಆ ಸಾಲಿನ ಸೂತ್ರವು ಛಡಿಯ ತುದಿಯಲ್ಲಿತ್ತೆಂಬದು ಸ್ಪಷ್ಟವೇ ಇದೆ. ಯುರೋಪದ ಶಾಲೆಗಳೂ ಆ ಕಾಲಕ್ಕೆ ಇದಕ್ಕಿಂತ ಮೃದುವಾಗಿರಲಿಲ್ಲ. ಛಡಿಯೂ ಬಹುಮಾನವೂ ಇಲ್ಲದೆ ಮಕ್ಕಳು ತಾವಾಗಿಯೇ ಕ್ರಮಕ್ಕೆ ಬರುವರೆಂದು ಅಲ್ಲಿ ತೋರಿಸಿಕೊಟ್ಟವರು ಇಟಲಿ ದೇಶದ ಮಾರಿಯಾ ಮಾಂಟೆಸ್ಸೋರಿ ಬಾಯಿಯವರು.

ಮಾರಿಯಾ ಅವರು 1870ನೆಯ ಇಸವಿಯ ಆಗಸ್ಟ್ 31ರಂದು ಅಂಕೋನಾ ಪ್ರಾಂತದ ಕಿಯಾರವಾಲ್ಲೆ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಅವರು ಸರಕಾರಿ ನೌಕರರು, ಹಳೆಯ ನಡೆವಳಿಕೆಯವರು. ತಾಯಿ ರೆನಿಲ್ದೆಯವರು ಓದುಬರಹದಲ್ಲಿ ಆಸಕ್ತಿಯುಳ್ಳವರು. ಮಗಳು ಐದು ವರುಷದವಳಾಗಿದ್ದಾಗ ಈ ಕುಟುಂಬವು ರೋಮ್ ನಗರಕ್ಕೆ ಬಂದು ನೆಲೆಸಿತು. ಆ ಕಾಲದಲ್ಲಿ ಓದಿದ ಹುಡುಗಿಗೆ ಶಿಕ್ಷಕಿಯ ಕೆಲಸವೊಂದೇ ತಕ್ಕದ್ದೆಂದು ಎಲ್ಲರೂ ತಿಳಿದಿದ್ದರು. ಮಾರಿಯಾ ಅವರಿಗೆ ಮಾತ್ರ ಅದು ಬೇಡವಾಗಿತ್ತು. ಗಣಿತವನ್ನು ಮೆಚ್ಚಿ ಗಂಡುಹುಡುಗರ ತಾಂತ್ರಿಕ ಶಾಲೆಯನ್ನು ಸೇರಿದರು. ಬಳಿಕ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಹಟ ಹಿಡಿದರು. ತಂದೆಯು ಒಪ್ಪಲಿಲ್ಲ, ತಾಯಿಯು ಮಗಳ ಬೆನ್ನಿಗೆ ನಿಂತರು. ವಿದ್ಯಾಪೀಠದಲ್ಲಿ ಪುರುಷ ವಿದ್ಯಾರ್ಥಿಗಳೊಡನೆ ಶವಚ್ಛೇದನದ ಕೋಣೆಗೆ ಹೋಗುವದು ಸ್ತ್ರೀಗೆ ಉಚಿತವಲ್ಲವೆಂದು ಹೇಳಲಾಯಿತು. ಆದ್ದರಿಂದ ಅವರೆಲ್ಲ ಮನೆಗೆ ಹೋದ ಮೇಲೆ, ಸಂಜೆಯ ಹೊತ್ತು, ಆ ಕೋಣೆಯಲ್ಲಿ ಒಬ್ಬರೇ ನಿಂತು ಅಭ್ಯಾಸ ಮಾಡಬೇಕಾಯಿತು. 1896ರಲ್ಲಿ ಅವರು ವೈದ್ಯಪದವಿಯನ್ನು ಪಡೆದು ಇಟಲಿಯ ಮೊದಮೊದಲಿನ ಸ್ತ್ರೀವೈದ್ಯರಲ್ಲಿ ಒಬ್ಬರೆನಿಸಿದರು. ಬೇಡವೆಂದು ಬಿಟ್ಟ ಶಿಕ್ಷಕಿಯ ವೃತ್ತಿಯೇ ಮುಂದೆ ಅವರನ್ನು ಲೋಕವಿಖ್ಯಾತರನ್ನಾಗಿ ಮಾಡಿತು.

ರೋಮಿನ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವಾಗ ಅವರು ಹುಚ್ಚರ ಆಸ್ಪತ್ರೆಗಳಿಗೆ ಹೋಗಿಬರಬೇಕಾಗುತ್ತಿತ್ತು. ಬುದ್ಧಿ ಬೆಳೆಯದ ಮಕ್ಕಳನ್ನೂ ಅಂಥಲ್ಲಿಯೇ ಬರಿದಾದ ಕೋಣೆಗಳಲ್ಲಿ ಕೂಡಿಹಾಕುತ್ತಿದ್ದರು. ಊಟವಾದ ಕೂಡಲೆ ಈ ಮಕ್ಕಳು ನೆಲಕ್ಕೆ ಬಿದ್ದು ರೊಟ್ಟಿಯ ಚೂರುಗಳನ್ನು ಹೆಕ್ಕುವದನ್ನು ಅಲ್ಲಿಯ ಮೇಲ್ವಿಚಾರಕಳು ಹೇಸಿಗೆಯಿಂದ ತೋರಿಸಿದಳು. ಮಾಂಟೆಸ್ಸೋರಿ ಬಾಯಿಯವರು ಆ ಕೋಣೆಯ ಸುತ್ತಲೂ ನೋಡಿದರು. ಅಲ್ಲಿ ಆಟಿಗೆಯಿಲ್ಲ, ಕಲ್ಲಿಲ್ಲ, ಕೈಯಲ್ಲಿ ಹಿಡಿಯಲಿಕ್ಕೆ ಒಂದು ಕಡ್ಡಿಯೂ ಇಲ್ಲ. ಈ ಕೂಸುಗಳು ಹೆಕ್ಕುವದು ಹಸಿವೆಯಿಂದಲ್ಲ, ಕೈಗೆ ಕೆಲಸವಿಲ್ಲದ್ದರಿಂದ ಎಂದು ಅವರಿಗೆ ಹೊಳೆಯಿತು. ಇತಾರ್ ಮತ್ತು ಸೆಗೆನ್ ಎಂಬ ಫ್ರಾನ್ಸ್ ದೇಶದ ವೈದ್ಯರ ಗ್ರಂಥಗಳನ್ನು ಓದಿ, 1900ರಲ್ಲಿ ತೆರೆದ ಒಂದು ವಿಶೇಷ ಶಾಲೆಯಲ್ಲಿ ಅಂಥ ಮಕ್ಕಳ ಕೈಗೂ ಕಣ್ಣಿಗೂ ಕೆಲಸ ಕೊಟ್ಟು ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿಯೇ ತೇರ್ಗಡೆಯಾದರು. ಜನರೆಲ್ಲ ಅವರನ್ನು ಕೊಂಡಾಡುತ್ತಿರಲು ಬಾಯಿಯವರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆಯು ಮೂಡಿತು. ಬುದ್ಧಿ ಕುಂದಿದ ಮಕ್ಕಳು ಆರೋಗ್ಯವಂತ ಮಕ್ಕಳನ್ನು ಸರಿಗಟ್ಟುವದಾದರೆ, ಆ ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಯಾವದರಿಂದ ಹಿಡಿದು ನಿಲ್ಲಿಸಿರಬಹುದು?

ಈ ಕಾಲದಲ್ಲಿಯೇ ಅವರ ಸ್ವಂತ ಬಾಳಿನಲ್ಲಿ ಒಂದು ಆಳವಾದ ನೋವು ಉಂಟಾಯಿತು. ಸಹೋದ್ಯೋಗಿಯಾದ ವೈದ್ಯರೊಬ್ಬರೊಡನೆ ಬೆಳೆದ ಸ್ನೇಹವು ವಿವಾಹದಲ್ಲಿ ಮುಗಿಯಲಿಲ್ಲ. 1898ರಲ್ಲಿ ಹುಟ್ಟಿದ ಮಗನಾದ ಮಾರಿಯೊನನ್ನು ಲೋಕದ ಬಾಯಿಗೆ ಅಂಜಿ ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಸಬೇಕಾಯಿತು. ಜಗತ್ತಿನ ತಾಯಂದಿರಿಗೆ ಮಕ್ಕಳ ಮನಸ್ಸನ್ನು ತಿಳಿಸಿಕೊಟ್ಟವರು ತಮ್ಮ ಮಗನನ್ನು ಅತಿಥಿಯಂತೆ ಹೋಗಿ ನೋಡಿಬರುತ್ತಿದ್ದರು. ಅವನು ಹದಿನೈದು ವರುಷದವನಾದ ಮೇಲೆಯೇ ತಾಯಿಯೊಡನೆ ಇರಲು ಬಂದನು. ಮುಂದೆ ಅವರ ಕೊನೆಯವರೆಗೂ ಜತೆಬಿಡದೆ ಸಹಾಯಕನಾದನು. ಅವರ ಚರಿತ್ರೆಯನ್ನು ಓದುವವರು ಈ ಸಂಗತಿಯನ್ನು ಮರೆಯಲಾಗದು.

1907ನೆಯ ಇಸವಿಯ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯು ತೆರೆಯಿತು. ಅಲ್ಲಿಯ ದೊಡ್ಡ ಬಾಡಿಗೆಮನೆಗಳಲ್ಲಿ ಕೂಲಿಯವರು ವಾಸವಾಗಿದ್ದರು. ತಂದೆತಾಯಿಗಳು ಕೆಲಸಕ್ಕೆ ಹೋದ ಮೇಲೆ ಶಾಲೆಗೆ ಹೋಗುವಷ್ಟು ದೊಡ್ಡವರಾಗದ ಮಕ್ಕಳು ಮೆಟ್ಟಲುಗಳನ್ನೂ ಗೋಡೆಗಳನ್ನೂ ಕೆಡಿಸುತ್ತಿದ್ದರು. ಈ ಹಾನಿಯನ್ನು ತಪ್ಪಿಸಬೇಕೆಂಬ ಲೆಕ್ಕಾಚಾರದಿಂದಲೇ ಕಟ್ಟಡದ ಒಡೆಯರು ಒಂದು ಕೋಣೆಯನ್ನು ಬಿಟ್ಟುಕೊಟ್ಟು ಮಕ್ಕಳನ್ನು ಅಲ್ಲಿ ಕೂಡಿಸಿದರು. ಮೂರರಿಂದ ಆರು ವರುಷದ ಸುಮಾರು ಐವತ್ತು ಕೂಸುಗಳು. ಅಳುವವು ಕೆಲವು, ಬೆದರಿ ಮೂಲೆ ಹಿಡಿದವು ಕೆಲವು. ನಮ್ಮ ಕಡೆಯ ಶಿಶುವರ್ಗವು ಜೂನ್ ತಿಂಗಳ ಮೊದಲ ವಾರದಲ್ಲಿ ಹೇಗಿರುವದೋ ಹಾಗೆಯೇ ಅದು ಇದ್ದಿತೆಂದು ತಿಳಿಯಬಹುದು.

ಅಲ್ಲಿ ಬಾಯಿಯವರು ಮಾಡಿದ ಮೊದಲನೆಯ ಕೆಲಸವು ಸುಮ್ಮನೆ ನೋಡುವದು. ಒಂದು ದಿನ ಮಕ್ಕಳೆಲ್ಲರೂ ನೀರು ತುಂಬಿದ ಬೋಗುಣಿಯ ಸುತ್ತಲೂ ನೆರೆದು, ಅದರಲ್ಲಿ ತೇಲುವ ಆಟಿಗೆಗಳನ್ನು ನೋಡುತ್ತಿದ್ದರು. ಎರಡೂವರೆ ವರುಷದ ಒಂದು ಕೂಸಿಗೆ ಏನೂ ಕಾಣಲೊಲ್ಲದು. ನೂಕಿ ನುಗ್ಗಲು ನೋಡಿತು, ಬಲ ಸಾಲಲಿಲ್ಲ. ಸ್ವಲ್ಪ ಹೊತ್ತು ನಿಂತು ಆಲೋಚಿಸಿತು. ದೂರದಲ್ಲಿದ್ದ ಒಂದು ಪುಟ್ಟ ಕುರ್ಚಿಯು ಕಣ್ಣಿಗೆ ಬೀಳಲು, ಅದನ್ನು ತಂದು ಮೇಲೆ ಹತ್ತಬೇಕೆಂದು ನಗುಮುಖದಿಂದ ಅತ್ತ ಹೊರಟಿತು. ಅಷ್ಟರಲ್ಲಿ ಶಿಕ್ಷಕಿಯು ಕನಿಕರದಿಂದ ಆ ಕೂಸನ್ನು ಎತ್ತಿ ಬೋಗುಣಿಯನ್ನು ತೋರಿಸಿಬಿಟ್ಟಳು. ಕೂಸಿನ ಮುಖದ ಮೇಲಿನ ಕಳೆಯು ಮಾಯವಾಯಿತು. ಕಂಡ ಆಟಿಗೆಗಳಿಗಿಂತ, ತಾನೇ ದಾರಿಯನ್ನು ಕಂಡುಕೊಂಡ ಸಂತೋಷವು ಆ ಮಗುವಿಗೆ ಹೆಚ್ಚಿನದಾಗಿತ್ತೆಂದು ಬಾಯಿಯವರು ಬಗೆದರು. ನೂಕಾಟದ ಮದ್ದು ಕೂಸಿನ ಬುದ್ಧಿಯಲ್ಲಿಯೇ ಇದ್ದಿತು. ಅದನ್ನು ಬಳಸಲು ವೇಳೆಯನ್ನು ಮಾತ್ರ ಕೊಡಬೇಕಾಗಿತ್ತು.

ಇನ್ನೊಂದು ದಿನ ಮೂರು ವರುಷದ ಒಬ್ಬ ಹುಡುಗಿಯು ಕಟ್ಟಿಗೆಯ ಗುಂಡುಗಳನ್ನು ಅವುಗಳ ಅಳತೆಯ ಗೂಡುಗಳಲ್ಲಿ ಕೂಡ್ರಿಸುವದೂ ತೆಗೆಯುವದೂ ಮಾಡುತ್ತಿದ್ದಳು. ಅವಳ ಏಕಾಗ್ರತೆಯನ್ನು ಪರೀಕ್ಷಿಸಲು ಬಾಯಿಯವರು ಉಳಿದ ಮಕ್ಕಳಿಂದ ಹಾಡಿಸಿದರು, ಅವಳ ಸುತ್ತಲೂ ನಡೆದಾಡಿಸಿದರು. ಅವಳು ಕತ್ತೆತ್ತಲಿಲ್ಲ. ಕುರ್ಚಿಸಹಿತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರು. ಗುಂಡುಗಳನ್ನು ತೊಡೆಯ ಮೇಲೆ ಹಿಡಿದುಕೊಂಡು ಮತ್ತೆ ಅದೇ ಕೆಲಸಕ್ಕೆ ತೊಡಗಿದಳು. ನಾಲ್ವತ್ತಕ್ಕೂ ಹೆಚ್ಚು ಸಲ ಹಾಗೆ ಮಾಡಿದ ಬಳಿಕ, ನಿದ್ದೆಯಿಂದ ಎದ್ದವಳಂತೆ ಪ್ರಸನ್ನಳಾಗಿ ಸುತ್ತಲೂ ನೋಡಿದಳು. ಚಿಕ್ಕ ಮಕ್ಕಳ ಮನಸ್ಸು ಚಂಚಲ, ಅದಕ್ಕೆ ಗದರಿಕೆಯೇ ಮದ್ದು ಎಂಬ ಹಳೆಯ ನಂಬಿಕೆಯು ಅಂದು ಅವರ ಮನಸ್ಸಿನಲ್ಲಿ ಸಡಿಲವಾಯಿತು.

ಅವರು ಮಕ್ಕಳ ಶರೀರದ ಅಳತೆಗೆ ತಕ್ಕ ಹಗುರವಾದ ಮೇಜು ಕುರ್ಚಿಗಳನ್ನು ಮಾಡಿಸಿದರು. ಕೂಸು ಅಜಾಗ್ರತೆಯಿಂದ ಎದ್ದರೆ ಕುರ್ಚಿಯು ಸದ್ದುಮಾಡಿ ಬೀಳುವದು. ಆ ಸದ್ದೇ ಮಗುವಿಗೆ ಪಾಠ. ನೆಲದ ಮೇಲೆ ಅಂಡಾಕಾರದ ಒಂದು ದೊಡ್ಡ ಗೆರೆಯನ್ನು ಬರೆಯಿಸಿದರು. ಒಂದು ಪಾದದ ಹಿಮ್ಮಡಿಯು ಇನ್ನೊಂದರ ಬೆರಳಿಗೆ ತಗಲುವಂತೆ ಆ ಗೆರೆಯ ಮೇಲೆ ಮೆಲ್ಲನೆ ನಡೆಯುವದನ್ನು ಬಾಯಿಂದ ಹೇಳದೆ ನಡೆದು ತೋರಿಸಿದರು. ಇದು ಸಾಧಿಸಿದ ಮೇಲೆ ಮಕ್ಕಳ ಕೈಯಲ್ಲಿ ಒಂದು ಚಿಕ್ಕ ಬಾವುಟ. ಆಮೇಲೆ ಅಂಚಿನವರೆಗೆ ಬಣ್ಣದ ನೀರು ತುಂಬಿದ ಒಂದು ಗ್ಲಾಸು. ಅದೂ ಸಾಧಿಸಿದರೆ, ಸದ್ದು ಮಾಡದಂತೆ ಒಯ್ಯಬೇಕಾದ ಒಂದು ಗಂಟೆ. ತುಂಬಿದ ಕೊಡ ತುಳುಕುವದಿಲ್ಲವೆಂದು ನಮ್ಮ ಹಿರಿಯರು ಹೇಳುವರಷ್ಟೆ? ನೀರು ತುಳುಕಬಾರದೆಂದು ಮನಸ್ಸನ್ನೆಲ್ಲ ಹೆಜ್ಜೆಗೆ ತಂದ ಮಗುವಿಗೆ ಮುಂದಿನವನನ್ನು ನೂಕಲಿಕ್ಕೆ ಪುರಸತ್ತೆಲ್ಲಿ? ನಮ್ಮ ಓಣಿಗಳಲ್ಲಿ ಕಟ್ಟೆಯ ಅಂಚಿನ ಮೇಲೆ ಕೈಚಾಚಿ ನಡೆಯುವ ಕೂಸುಗಳನ್ನೂ, ಕುಂಟಾಟದಲ್ಲಿ ಗೆರೆ ಮೆಟ್ಟಬಾರದೆಂದು ಉಸಿರು ಹಿಡಿಯುವ ಹುಡುಗಿಯರನ್ನೂ ಕಂಡವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ನಿಶ್ಶಬ್ದದ ಪಾಠವೆಂದು ಪ್ರಸಿದ್ಧವಾದ ಅವರ ಇನ್ನೊಂದು ಅಭ್ಯಾಸವು ಆಕಸ್ಮಿಕವಾಗಿ ಹುಟ್ಟಿತು. ಒಮ್ಮೆ ಅವರು ಅಂಗಳದಲ್ಲಿದ್ದ ಒಬ್ಬ ತಾಯಿಯಿಂದ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ವರ್ಗದೊಳಗೆ ಬಂದರು. ಬಟ್ಟೆಯಲ್ಲಿ ಸುತ್ತಿದ ಆ ಕೂಸು ಎಷ್ಟು ಸುಮ್ಮನಿದೆ, ಅದರ ಉಸಿರು ಎಷ್ಟು ಮೆಲ್ಲಗಿದೆ, ಅದರಂತೆ ಇರುವದು ಯಾರಿಂದಲೂ ಆಗಲಿಕ್ಕಿಲ್ಲ ಎಂದು ವಿನೋದಕ್ಕಾಗಿ ಅಂದರು. ಮಕ್ಕಳು ಅದನ್ನು ವಿನೋದವೆಂದು ಎಣಿಸಲಿಲ್ಲ. ಕೈಕಾಲುಗಳನ್ನು ಬಿಗಿಹಿಡಿದು, ಉಸಿರನ್ನೂ ಹದಗೊಳಿಸಿ ಕುಳಿತುಬಿಟ್ಟರು. ಆಗ ಹುಟ್ಟಿದ ಶಾಂತಿಯಲ್ಲಿ ಅದುವರೆಗೆ ಕೇಳದಿದ್ದ ಗಡಿಯಾರದ ಸದ್ದು ಕೇಳಬಂದಿತು. ಇದನ್ನು ಮುಂದುವರಿಸಿ ಅವರು ಪಕ್ಕದ ಕೋಣೆಯಲ್ಲಿ ನಿಂತು ಒಬ್ಬೊಬ್ಬ ಮಗುವಿನ ಹೆಸರನ್ನು ಪಿಸುಮಾತಿನಿಂದ ಕರೆಯತೊಡಗಿದರು. ಹೆಸರು ಕೇಳಿದ ಮಗು ತುದಿಗಾಲಿನ ಮೇಲೆ, ಬೆಂಚು ಕುರ್ಚಿಗಳಿಗೆ ತಗಲದಂತೆ, ಮೆಲ್ಲಗೆ ನಡೆದುಬರುತ್ತಿತ್ತು. ಉಳಿದವರು ತಮ್ಮ ಸರದಿಗಾಗಿ ಕಿವಿಗೊಟ್ಟು ಕಾಯುತ್ತಿದ್ದರು. ಇಷ್ಟು ಹೊತ್ತು ಕಾದ ಮಕ್ಕಳಿಗೆ ಸಿಹಿತಿಂಡಿಯನ್ನು ಕೊಡಬೇಕೆಂದು ಬಾಯಿಯವರು ಹಂಚಹೋದಾಗ ಅವರು ಬೇಡವೆಂದರು. ಕಾಯುವದೇ ಅವರಿಗೆ ಸುಖಕರವಾಗಿತ್ತು. ಮಕ್ಕಳನ್ನು ಸಾಲಿಗೆ ತರಬಯಸುವ ಎಲ್ಲ ಶಿಕ್ಷಕಿಯರಿಗೂ ಈ ಪ್ರಸಂಗದಲ್ಲಿ ಒಂದು ಬೆಳಕಿದೆ. ಎಲ್ಲರನ್ನೂ ಒಟ್ಟಿಗೆ ಕೂಗಿ ಕರೆದಾಗ ಗುಂಪು ಎದ್ದುಬರುವದು. ಹೆಸರು ಹಿಡಿದು ಮೆಲ್ಲನೆ ಕರೆದಾಗ ಒಂದೊಂದು ಮಗುವೇ ಎದ್ದುಬರುವದು.

ಹಾಗೆಂದು ಬಾಯಿಯವರ ಶಾಲೆಯಲ್ಲಿ ಮನಬಂದಂತೆ ನಡೆಯಲು ಬಿಡುತ್ತಿದ್ದರೆಂದು ತಿಳಿಯಬಾರದು. ಇತರರಿಗೆ ಉಪದ್ರವ ಕೊಡುವದಕ್ಕೆ ಅಲ್ಲಿ ಆಸ್ಪದವಿರಲಿಲ್ಲ. ಅಂಥ ಮಗುವನ್ನು ಹೊಡೆಯದೆ, ನಾಚಿಸದೆ, ಒಂದು ಮೂಲೆಯಲ್ಲಿ ಪುಟ್ಟ ಮೇಜಿನ ಮುಂದೆ ಸುಖವಾಗಿ ಕೂಡ್ರಿಸಿ, ಬೇಕಾದ ಆಟಿಗೆಗಳನ್ನು ಕೊಟ್ಟು, ಕಾಯಿಲೆಯ ಕೂಸನ್ನು ಆರೈಕೆ ಮಾಡುವಂತೆ ನೋಡುತ್ತಿದ್ದರು. ಅಲ್ಲಿಂದ ಉಳಿದವರ ಕೆಲಸವನ್ನು ನೋಡುತ್ತ ನೋಡುತ್ತ ಆ ಮಗುವಿಗೆ ತಾನೂ ಅವರೊಡನೆ ಸೇರಬೇಕೆಂಬ ಆಸೆ ಹುಟ್ಟುತ್ತಿತ್ತು.

1909ರಲ್ಲಿ ಅವರು ತಮ್ಮ ಪದ್ಧತಿಯ ಗ್ರಂಥವನ್ನು ಪ್ರಕಟಿಸಿದರು. 1912ರಲ್ಲಿ ಅದು ಇಂಗ್ಲಿಷಿಗೆ ಬಂದಿತು. ದೇಶದೇಶಗಳಿಂದ ಶಿಕ್ಷಕಿಯರು ರೋಮಿಗೆ ಬರತೊಡಗಿದರು. 1915ರಲ್ಲಿ ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಗಾಜಿನ ಗೋಡೆಗಳ ಒಂದು ವರ್ಗವನ್ನೇ ಏರ್ಪಡಿಸಿದರು. ಹೊರಗೆ ನೋಡುವವರ ಸಂತೆ. ಒಳಗೆ ಮಕ್ಕಳು ಆ ಸಂತೆಯ ಪರಿವೆಯಿಲ್ಲದೆ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದರು.

ಇಟಲಿಯಲ್ಲಿ ಮುಸ್ಸೋಲಿನಿಯ ಆಳಿಕೆ ಬಂದಾಗ ಬಾಯಿಯವರ ಮುಂದೆ ಕಠಿಣವಾದ ಪ್ರಸಂಗವು ಒದಗಿತು. ಮೊದಮೊದಲು ಆ ಸರಕಾರವು ಅವರ ಶಾಲೆಗಳಿಗೆ ನೆರವು ನೀಡಿತು, ಅವರೂ ಅದನ್ನು ಸ್ವೀಕರಿಸಿದರು. ಈ ಮಾತನ್ನು ಮರೆಮಾಚಬೇಕಾದ್ದಿಲ್ಲ. ಆದರೆ 1926ರಲ್ಲಿ ಸ್ಥಾಪಿತವಾದ ಬಲಿಲ್ಲಾ ಎಂಬ ಸಂಘದ ಮೂಲಕ ಆ ಸರಕಾರವು ಮಕ್ಕಳಿಗೆ ಸಮವಸ್ತ್ರ ತೊಡಿಸಿ, ಸಿಪಾಯಿಗಳಂತೆ ಸಾಲುಗಟ್ಟಿಸಿ, ಒಬ್ಬನ ಮಾತಿಗೆ ಹೆಜ್ಜೆ ಹಾಕಿಸತೊಡಗಿತು. ಆ ಸಾಲುಗಳೂ ನೋಡಲಿಕ್ಕೆ ಅಂದವಾಗಿಯೇ ಇದ್ದವು. ಮಕ್ಕಳ ಹೆಜ್ಜೆ ತಪ್ಪುತ್ತಿರಲಿಲ್ಲ. ಆದರೆ ಬಾಯಿಯವರ ಗೆರೆಯ ಮೇಲೆ ನಡೆಯುವ ಕೂಸು ತನ್ನನ್ನು ತಾನೇ ಆಳಲು ಕಲಿಯುತ್ತಿತ್ತು. ಈ ಹೊಸ ಸಾಲಿನ ಕೂಸು ತನ್ನನ್ನು ಇನ್ನೊಬ್ಬನ ವಶಕ್ಕೆ ಒಪ್ಪಿಸಲು ಕಲಿಯುತ್ತಿತ್ತು. ಇವೆರಡೂ ಒಂದೇ ಕೋಣೆಯಲ್ಲಿ ಬಾಳುವದು ಸಾಧ್ಯವಿರಲಿಲ್ಲ. 1934ರಲ್ಲಿ ಬಾಯಿಯವರು ಇಟಲಿಯಿಂದ ಹೊರಟುಹೋದರು. ಅಲ್ಲಿಯ ಅವರ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ಹಿಟ್ಲರನ ಸರಕಾರವೂ ಹಾಗೆಯೇ ಮಾಡಿತು. 1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಾಗ ಬಾರ್ಸಿಲೋನಾದ ಮನೆಯನ್ನೂ ಬಿಟ್ಟು ಹಾಲೆಂಡಿಗೆ ಹೋಗಬೇಕಾಯಿತು. ಸಮಾಧಾನದ ವರ್ಗವು ಸಮಾಧಾನದ ಜಗತ್ತಿಗೆ ತಳಹದಿಯೆಂಬ ವಿಚಾರವನ್ನು 1932ರಲ್ಲಿ ಜಿನೀವಾದಲ್ಲಿಯೂ 1937ರಲ್ಲಿ ಕೋಪನ್‌ಹೇಗನ್ನಿನಲ್ಲಿಯೂ ಅವರು ಸಭೆಗಳ ಮುಂದೆ ವಿವರಿಸಿದರು.

ನಮ್ಮ ದೇಶಕ್ಕೂ ಅವರಿಗೂ ಸಂಬಂಧವು ಬೆಳೆದ ಬಗೆ ಕೇಳತಕ್ಕದ್ದು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು ಈ ಪದ್ಧತಿಯನ್ನು ನಮ್ಮ ಮಕ್ಕಳಿಗೆ ಒಗ್ಗಿಸತೊಡಗಿದ್ದರು. 1931ರ ಅಕ್ಟೋಬರದಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಬಾಯಿಯವರ ಶಿಕ್ಷಣ ವಿದ್ಯಾಲಯಕ್ಕೆ ಭೆಟ್ಟಿ ಕೊಟ್ಟು ಮಾತನಾಡಿದರು. ಶಿಕ್ಷಕಿಯ ಪಿಸುಮಾತಿಗೆ ಮಕ್ಕಳು ಒಬ್ಬೊಬ್ಬರಾಗಿ ಸದ್ದಿಲ್ಲದೆ ನಡೆದುಬಂದ ಪರಿಯು ಅವರ ಮನಸ್ಸನ್ನು ಬಹಳವಾಗಿ ಸೆಳೆಯಿತು. ಆದರೆ ಅವರ ಸಂತೋಷದೊಳಗೆ ಒಂದು ಕಳವಳವೂ ಇದ್ದಿತು. ಭಾರತದ ಹಳ್ಳಿಗಳಲ್ಲಿ ಅರೆಹೊಟ್ಟೆಯ ಲಕ್ಷಾವಧಿ ಮಕ್ಕಳಿಗೆ ಇದನ್ನು ಕೊಡುವದು ಆಗುವದೇ ಎಂದು ಅವರು ಚಿಂತಿಸಿದರು.

1939ರ ನವಂಬರದಲ್ಲಿ, 69ನೆಯ ವಯಸ್ಸಿನಲ್ಲಿ, ಅಡ್ಯಾರಿನ ಥಿಯೊಸಾಫಿಕಲ್ ಸೊಸಾಯಿಟಿಯ ಆಮಂತ್ರಣದ ಮೇಲೆ ಬಾಯಿಯವರು ಮಗನೊಂದಿಗೆ ಮದ್ರಾಸಿಗೆ ಬಂದಿಳಿದರು. ಸುಮಾರು 300 ಜನ ಶಿಕ್ಷಕ ಶಿಕ್ಷಕಿಯರು ತೆಂಗಿನ ಗರಿಯ ಚಪ್ಪರಗಳಲ್ಲಿ ಅವರ ಉಪನ್ಯಾಸಗಳನ್ನು ಕೇಳಿದರು. ಬಾಯಿಯವರು ಇಟಾಲಿಯನ್ ಭಾಷೆಯಲ್ಲಿ ಮಾತಾಡುವರು, ಮಾರಿಯೊ ಅವರು ಇಂಗ್ಲಿಷಿನಲ್ಲಿ ಹೇಳುವರು. ಕೆಲವೇ ತಿಂಗಳು ಇದ್ದು ಹೋಗುವ ವಿಚಾರವಿತ್ತು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿದದ್ದರಿಂದ ಬ್ರಿಟಿಷ್ ಸರಕಾರವು ಇಬ್ಬರನ್ನೂ ಶತ್ರುದೇಶದವರೆಂದು ಪರಿಗಣಿಸಿತು. ಮಾರಿಯೊ ಅವರನ್ನು ಅಹಮದನಗರದ ಬಂದಿಶಿಬಿರಕ್ಕೆ ಒಯ್ದರು. ತಾಯಿಯು ಅಡ್ಯಾರಿನ ಆವರಣವನ್ನು ಬಿಟ್ಟು ಹೋಗಕೂಡದೆಂದಾಯಿತು. ಆ ವರ್ಷ ಆಗಸ್ಟ್ 31ರಂದು ಬಾಯಿಯವರಿಗೆ ಎಪ್ಪತ್ತು ತುಂಬಿತು. ಆ ಸಮಯಕ್ಕೆ ವೈಸರಾಯರಿಂದ ತಂತಿಯು ಬಂದಿತು. ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನು ಅವರಿಗೆ ಹಿಂದಿರುಗಿಸುವದಾಗಿ ಅದರಲ್ಲಿ ತಿಳಿಸಿದ್ದರು. ವರುಷಗಟ್ಟಲೆ ಸೋದರಳಿಯನೆಂದೂ ದತ್ತಪುತ್ರನೆಂದೂ ಜನರು ಕರೆಯುತ್ತಿದ್ದ ಮಾರಿಯೊ ಅವರನ್ನು ಸರಕಾರಿ ಕಾಗದವೇ ಮಗನೆಂದು ಕರೆಯಿತು. ಆ ತಾಯಿಗೆ ಎಷ್ಟು ಸಮಾಧಾನವಾಗಿರಬೇಕೆಂಬದನ್ನು ನಮ್ಮ ಓದುಗರು ಊಹಿಸಬಲ್ಲರು.

1942ರಿಂದ 1944ರವರೆಗೆ ಅವರು ಕೊಡೈಕನಾಲದ ಬೆಟ್ಟದಲ್ಲಿದ್ದು, ಬೇರೆ ಬೇರೆ ದೇಶಗಳ ಮಕ್ಕಳಿಗೆ ಶಾಲೆ ನಡೆಸಿದರು. ಗಿಡಮರಗಳನ್ನೂ ಪ್ರಾಣಿಗಳನ್ನೂ ಪಾಠದೊಳಗೆ ತಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಯುರೋಪಕ್ಕೆ ಹೋಗಿ, ಮರುವರುಷವೇ ತಿರುಗಿ ಬಂದು 1949ರವರೆಗೂ ಇಲ್ಲಿ ಕೆಲಸ ಮಾಡಿದರು. ಇಲ್ಲಿ ಅವರಿಂದ ಶಿಕ್ಷಣ ಪಡೆದವರ ಸಂಖ್ಯೆಯು ಸಾವಿರಕ್ಕೂ ಮಿಕ್ಕಿದ್ದಿತು. ಶಿಶುವಿನ ಗ್ರಾಹಕ ಮನಸ್ಸನ್ನು ಕುರಿತ ಅವರ ಗ್ರಂಥವು 1949ರಲ್ಲಿ ಅಡ್ಯಾರಿನಲ್ಲಿಯೇ ಮೊದಲು ಅಚ್ಚಾಯಿತು. 1949, 1950, 1951 ಈ ಮೂರು ವರ್ಷಗಳಲ್ಲಿ ನೋಬೆಲ್ ಶಾಂತಿ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ಪಾರಿತೋಷಕವು ಬರಲಿಲ್ಲ. 1952ನೆಯ ಇಸವಿಯ ಮೇ 6ರಂದು ಹಾಲೆಂಡಿನ ಸಮುದ್ರತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಯೇ ಅವರ ಸಮಾಧಿಯಿದೆ.

ಗಾಂಧಿಯವರ ಪ್ರಶ್ನೆಗೆ ಉತ್ತರವು ನಮ್ಮ ದೇಶದ ಇಬ್ಬರು ಸ್ತ್ರೀಯರಿಂದ ದೊರೆಯತೊಡಗಿತು. ಗಿಜುಭಾಯಿಯವರ ಜತೆಯಲ್ಲಿ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ ಅವರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಅನುತಾಯಿ ವಾಘ ಅವರೊಡನೆ ಬಡವರ ಮಕ್ಕಳಿಗಾಗಿ ಶಾಲೆ ತೆರೆದರು. ಬೆಲೆಯುಳ್ಳ ಸಾಮಗ್ರಿಗಳ ಬದಲು ಬೀಜ, ಕಪ್ಪೆಚಿಪ್ಪು, ಕಲ್ಲುಹರಳುಗಳನ್ನೇ ಬಳಸಿದರು; ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರು ಅಂಗಳವೆಂಬ ಅರ್ಥದಿಂದಲೇ ಬಂದದ್ದು. 1975ರ ಅಕ್ಟೋಬರ್ 2ರಂದು ಸರಕಾರದ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಅಂಗನವಾಡಿಗಳು ಮೊದಲು ತೆರೆದವು.

ಈ ಚರಿತ್ರೆಯಿಂದ ನಮ್ಮಂಥ ಶಾಲೆಯವರು ಕಲಿಯತಕ್ಕದ್ದೇನು? ಒಂದು ವರ್ಗದಲ್ಲಿ ನಾಲ್ವತ್ತು ಐವತ್ತು ಮಕ್ಕಳಿರುವಾಗ ಇಟಲಿಯ ಪದ್ಧತಿಯು ಹೇಗೆ ನಡೆದೀತೆಂದು ಕೆಲವರು ಕೇಳುವರು. ಸ್ಯಾನ್ ಲೊರೆಂಜೊದ ಕೋಣೆಯಲ್ಲಿಯೂ ಸುಮಾರು ಅಷ್ಟೇ ಮಕ್ಕಳಿದ್ದರೆಂಬದನ್ನು ಅವರು ನೆನೆಯಬೇಕು. ನೆಲದ ಮೇಲೆ ಒಂದು ಗೆರೆಯನ್ನು ಬರೆಯಲು ಖಡುವಿನ ಒಂದು ತುಂಡು ಸಾಕು. ಬಾಗಿಲಿಗೆ ಹೋಗುವಾಗ ಇಡೀ ವರ್ಗವನ್ನು ಒಮ್ಮೆಲೆ ಎಬ್ಬಿಸದೆ, ಐದೈದು ಮಕ್ಕಳ ಹೆಸರನ್ನು ಮೆಲುದನಿಯಲ್ಲಿ ಕರೆಯಬಹುದು. ಹೇಗೆ ಏಳಬೇಕು, ಹೇಗೆ ಕುರ್ಚಿಯನ್ನು ಸರಿಸಬೇಕು, ಮುಂದಿನವಳಿಂದ ಎಷ್ಟು ದೂರ ನಿಲ್ಲಬೇಕೆಂಬದನ್ನು ಗಡಿಬಿಡಿಯ ಹೊತ್ತಿನಲ್ಲಿ ಹೇಳುವದರ ಬದಲು, ಬೇರೆ ಬಿಡುವಿನ ಹೊತ್ತಿನಲ್ಲಿ ಶಿಕ್ಷಕಿಯು ತಾನೇ ನಡೆದು ತೋರಿಸಬಹುದು. ಚಂಚಲ ಸ್ವಭಾವದ ಕೂಸಿನ ಕೈಗೆ ಹಾಜರಿ ಪುಸ್ತಕವನ್ನೋ ನೀರಿನ ತಂಬಿಗೆಯನ್ನೋ ಕೊಟ್ಟರೆ ಆ ಕೈಯು ನೂಕುವದನ್ನು ಮರೆಯುವದು. ಸಾಲು ನಿಂತ ಮೇಲೆ ವಿನಾಕಾರಣ ಕಾಯಿಸಬಾರದು. ಹಸಿದ ಕೂಸಿಗೆ ಐದು ನಿಮಿಷವೂ ಬಹು ದೀರ್ಘವಾದದ್ದು. ಶಿಕ್ಷಕಿಯು ದನಿಯನ್ನು ತಗ್ಗಿಸಿದರೆ ವರ್ಗವೂ ತಗ್ಗಿಸುವದೆಂಬದನ್ನು ನಾವು ದಿನವೂ ಕಾಣುತ್ತೇವೆ. ಮೊದಲನೆಯ ದಿನವೇ ಇದೆಲ್ಲ ಕೈಗೂಡುವದಿಲ್ಲ. ಎರಡು ಮೂರು ವಾರಗಳ ತಾಳ್ಮೆ ಬೇಕು.

ನಮ್ಮ ಹುಡುಗಿಯರೇ, 1823ರ ಬಳ್ಳಾರಿಯ ಆ ಅರುವತ್ತು ಬಾಲೆಯರನ್ನು ನೆನೆದುಕೊಳ್ಳಿರಿ. ಇಂದು ನಿಮ್ಮ ಒಂದು ವರ್ಗದಲ್ಲಿಯೇ ಹೆಚ್ಚುಕಡಿಮೆ ಅಷ್ಟು ಜನರಿದ್ದೀರಿ. ನಿಮ್ಮಲ್ಲಿ ಕೆಲವರು ಶಿಕ್ಷಕಿಯರಾಗುವಿರಿ, ಕೆಲವರು ಅಂಗನವಾಡಿಯಲ್ಲಿ ಕೆಲಸ ಮಾಡುವಿರಿ, ಅನೇಕರು ತಾಯಂದಿರಾಗುವಿರಿ. ಅಷ್ಟರವರೆಗೆ ಕಾಯಬೇಕಾದ್ದೂ ಇಲ್ಲ. ಸಭೆಗೆ ಹೋಗುವ ಹೊತ್ತಿಗೆ ಕೆಳಗಿನ ವರ್ಗಗಳ ಕೂಸುಗಳನ್ನು ಕರೆದುಕೊಂಡು ಬರುವ ಕೆಲಸವು ನಿಮ್ಮ ಪಾಲಿಗೆ ಬಂದಾಗ, ಅವರ ತೋಳನ್ನು ಹಿಡಿದು ಎಳೆಯಬೇಡಿರಿ, ಗುಂಪನ್ನು ಕೂಗಬೇಡಿರಿ. ಅವರ ಹೆಸರುಗಳನ್ನು ಮೊದಲು ತಿಳಿದುಕೊಳ್ಳಿರಿ. ಒಂದೊಂದಾಗಿ ಮೆಲ್ಲನೆ ಕರೆಯಿರಿ, ಮತ್ತು ಅವರು ಬರುವಷ್ಟು ಹೊತ್ತು ಕಾಯಿರಿ.